ಮೂರು ಕಾಲಿನ ಫೋನಿನ ಸುತ್ತ

ಹೊಸ ಕಾರ್ಪೆಟ್ಟಿಗೆ ಬಳಿಯುವ ಅಂಟಿನ ವಾಸನೆ ನನಗೆ ಇವತ್ತಿಗೂ ಆಗುವುದಿಲ್ಲ. ಹೋದ ತಿಂಗಳು ಮಿಯಾಪುರದಲ್ಲಿರುವ ತಮ್ಮನ ಮಗಳ ಮನೆಗೆ ಹೋಗಿದ್ದೆ. ಅವರ ಅಪಾರ್ಟ್‌ಮೆಂಟಿನ ಕೆಳಮಹಡಿಯಲ್ಲಿ ಯಾವುದೋ ಆಫೀಸಿಗೆ ಕಾರ್ಪೆಟ್ ಹಾಸುತ್ತಿದ್ದರು. ಲಿಫ್ಟಿನೊಳಗೂ ಆ ವಾಸನೆ ತುಂಬಿತ್ತು. ಸೆರಗು ಮೂಗಿಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದೆ. "ಅತ್ತಿ, ಮೊಳಕಾಲು ನೋವು ಅಂತಿದ್ರಿ, ಲಿಫ್ಟ್ ಐತಲ್ರಿ," ಎಂದಳು ಹುಡುಗಿ. ಮೊಣಕಾಲಿಗಿಂತ ಹಳೆಯ ನೋವು ಇನ್ನೊಂದಿದೆ ಎಂದು ಅವಳಿಗೆ ವಿವರಿಸುತ್ತಾ ಕೂರುವ ತಾಳ್ಮೆ ನನಗಿರಲಿಲ್ಲ. ಇಲ್ಲಿ ಹೇಳುತ್ತೇನೆ.

ಹೈದರಾಬಾದಿಗೆ ಆಗ ಕಂಪ್ಯೂಟರಿನ ಹುಚ್ಚು ನೆತ್ತಿಗೇರಿತ್ತು. ಅಮೀರ್‌ಪೇಟೆಯ ಗೋಡೆಗಳ ಮೇಲೆ ಸಿನಿಮಾ ಪೋಸ್ಟರಿಗೂ ಜಾಗ ಉಳಿದಿರಲಿಲ್ಲ, ಎಲ್ಲ ಕೋರ್ಸುಗಳ ಜಾಹೀರಾತೇ. ನಿನ್ನೆಯವರೆಗೆ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದ ಹುಡುಗರು ಕೊರಳಿಗೆ ಬಿಲ್ಲೆ ನೇತುಹಾಕಿಕೊಂಡು ಕಂಪನಿಯ ಬಸ್ಸು ಹತ್ತುತ್ತಿದ್ದರು. ನಾನು ಅವರ ವಯಸ್ಸಿನವಳಲ್ಲ. ಮದುವೆಯ ಮಾತು ನಿಂತು ಹೋಗಿ ಬಹಳ ಕಾಲವಾಗಿತ್ತು. ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಆ ಕೆಲಸ ಕೊಡಿಸಿದ್ದು ಅಪ್ಪ. ತಾವು ನಿವೃತ್ತರಾಗುವ ಮುಂಚೆ ಯಾರ್ಯಾರದೋ ಬಾಗಿಲು ಕಾದು, ಯಾರ್ಯಾರಿಗೋ ಸಲಾಮು ಹೊಡೆದು ನನಗೊಂದು ಖುರ್ಚಿ ಮಾಡಿಕೊಟ್ಟಿದ್ದರು. ನಾನು ಕೋಠಿಯಲ್ಲಿ ಹಳೆಯ ಪುಸ್ತಕ ಕೊಂಡು, ಕಚೇರಿ ಮುಗಿದ ಮೇಲೆ ಕ್ಲಾಸಿಗೆ ಹೋಗಿ ಪ್ರೋಗ್ರಾಮ್ ಬರೆಯುವುದನ್ನು ಕಲಿತೆ. ಚೆನ್ನಾಗಿಯೇ ಕಲಿತೆ. ಅದರಲ್ಲಿ ನನಗೆ ಸಂಕೋಚವಿಲ್ಲ.

ಅಪ್ಪನ ಜೊತೆ ಕೆಲಸ ಮಾಡಿದವರ ಮಗ ವಸಂತ ದೇಸಾಯಿ ಅಮೆರಿಕದಿಂದ ಮರಳಿ ಬಂದು ಒಂದು ಸಾಫ್ಟ್‌ವೇರ್ ಕಂಪನಿಯ ಇಲ್ಲಿನ ಮುಖ್ಯಸ್ಥರಾಗಿದ್ದರು. ಕಾಚಿಗುಡದ ನಮ್ಮ ಮನೆಗೆ ಒಂದು ಭಾನುವಾರ ಬಂದರು. ಅವ್ವ ಇದ್ದಾಗ ತಿಂದ ಜೋಳದ ರೊಟ್ಟಿಯನ್ನು ನೆನೆಸಿಕೊಂಡರು, ಅಪ್ಪನ ಸಕ್ಕರೆ ಕಾಯಿಲೆ ವಿಚಾರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಗಿರಿಜಾಬಾಯಿ, ಇಂಥಾ ತಲಿ ಇಟ್ಕೊಂಡು ಫೈಲಿನ ಧೂಳಿನ್ಯಾಗ ಯಾಕ ಕುಂತೀರಿ? ನಮ್ಮ ಕಡೆ ಬರ್ರಿ," ಎಂದರು. ಬಾಯಿ ಅಂದರೆ ಬೆಲ್ಲದ ಅಚ್ಚು.

ಅವರು ಹೋದ ಮೇಲೆ ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಸರ್ಕಾರದ ಖುರ್ಚಿ ಹಳೇದಿರಲಿ, ಮುರದಿರಲಿ, ಇಟ್ಟಲ್ಲೇ ಇರ್ತೈತಿ. ಆ ದೇಸಾಯಿ ಖುರ್ಚಿಗೆ ಗಾಲಿ ಅದಾವ. ಅವ ದೂಡಿದ ಕಡೆ ಹೊಕ್ಕೈತಿ."

ನಾನು ರಾಜೀನಾಮೆ ಕೊಟ್ಟೆ. ಅಂದಿನಿಂದ ಅಪ್ಪ ಪ್ರತಿ ಸಂಜೆ, ನಾನು ಚಪ್ಪಲಿ ಬಿಡುವುದಕ್ಕೂ ಮುಂಚೆ, ಒಂದೇ ಪ್ರಶ್ನೆ ಕೇಳುತ್ತಿದ್ದರು. "ಇನ್ನೂ ಇಟ್ಕೊಂಡಾರೇನು ನಿನ್ನ?" ತಮಾಷೆಯೆಂದು ನೀವು ಅಂದುಕೊಳ್ಳಬಹುದು. ಅಪ್ಪನಿಗೆ ತಮಾಷೆ ಮಾಡುವ ಅಭ್ಯಾಸ ಇರಲಿಲ್ಲ.

ಮೊದಲೆರಡು ವರ್ಷ ಸುಖವಾಗಿಯೇ ಕಳೆದವು. ನಾನು ಒಂದು ತಂಡ ಕಟ್ಟಿದೆ. ಆಮೇಲೆ ಆ ಮಳೆಗಾಲ ಬಂತು. ಬಾಡಿಗೆ ಮನೆಯಲ್ಲಿದ್ದ ಆಫೀಸು ಊರಾಚೆ ಬಂಡೆ ಒಡೆದು ಕಟ್ಟಿದ ಗಾಜಿನ ಕಟ್ಟಡಕ್ಕೆ ಹೋಯಿತು. ಹೊರಗೆ ಕೆಸರು, ಒಳಗೆ ಹೊಸ ಕಾರ್ಪೆಟ್ಟು. ಕಿಟಕಿ ತೆರೆಯಲು ಬಾರದ ಆ ಕಟ್ಟಡದಲ್ಲಿ ಅಂಟಿನ ವಾಸನೆ ತಿಂಗಳುಗಟ್ಟಲೆ ನಿಂತಿತ್ತು. ದೇಸಾಯರು ನನ್ನನ್ನು ಮೇಲಿನ ಖಾಲಿ ಮಹಡಿಗೆ ಕರೆದುಕೊಂಡು ಹೋದರು. "ನೋಡ್ರಿ, ಬ್ಯಾಸಗಿಗೆ ಇಲ್ಲಿ ಮಂದಿ ತುಂಬತಾರ. ಈ ಮಹಡಿಗೆ ಮ್ಯಾನೇಜರ್ ಅಂದ್ರ ನೀವ. ನನ್ನ ಮಾತು ಐತಿ." ನನಗೆ ಸಂಬಳದ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಆಸೆ, ಅಪ್ಪನ ಆ ಪ್ರಶ್ನೆ ಬಾಯಲ್ಲೇ ಒಣಗಬೇಕು ಎನ್ನುವುದು. ಆ ಮಹಡಿ ನನ್ನದಾದರೆ ಅದು ಒಣಗುತ್ತಿತ್ತು.

ನಮ್ಮ ಕೆಲಸ ಅಮೆರಿಕದ ಔಷಧಿ ಅಂಗಡಿಗಳಿಗೆ ಒಂದು ಸಾಫ್ಟ್‌ವೇರ್ ಮಾಡಿಕೊಡುವುದು. ಒಟ್ಟಿಗೆ ತೆಗೆದುಕೊಳ್ಳಬಾರದ ಎರಡು ಔಷಧಿಗಳನ್ನು ಒಬ್ಬನೇ ರೋಗಿಗೆ ಕೊಡಲು ಹೊರಟರೆ ಅದು ತಕ್ಷಣ ಎಚ್ಚರಿಕೆ ಕೊಡಬೇಕು. ಅಲ್ಲಿ ಬೆಳಗಾಗುವ ಹೊತ್ತಿಗೆ ಇಲ್ಲಿ ಸಂಜೆ. ದಿನಾ ಸಂಜೆ ಅವರ ಕಡೆಯ ಗ್ರೆಗ್ ಎಂಬಾತನೊಂದಿಗೆ ಫೋನಿನಲ್ಲಿ ಮಾತು. ಅದಕ್ಕೆಂದೇ ಉದ್ದದ ಮೇಜಿನ ನಡುವೆ ಮೂರು ಕಾಲಿನ ಒಂದು ಫೋನು ಇಟ್ಟಿದ್ದರು. ಸುತ್ತ ಕೂತ ಎಲ್ಲರ ಮಾತೂ ಅದಕ್ಕೆ ಕೇಳುತ್ತಿತ್ತು. ಮ್ಯೂಟ್ ಗುಂಡಿ ಒತ್ತಿದರೆ ಹಸಿರು ದೀಪ ಹೋಗಿ ಕೆಂಪು ಹತ್ತುತ್ತಿತ್ತು. ಆಗ ಅವರ ಮಾತು ನಮಗೆ ಬರುತ್ತಿತ್ತು, ನಮ್ಮ ಮಾತು ಅವರಿಗೆ ಹೋಗುತ್ತಿರಲಿಲ್ಲ.

ಆ ಗುಂಡಿಯ ಮೇಲೆಯೇ ನಮ್ಮ ಕಂಪನಿ ನಡೆಯುತ್ತಿತ್ತು. ಗ್ರೆಗ್ ಕೇಳುತ್ತಿದ್ದ: "ಜನವರಿ ಕೊನೆಗೆ ಮುಗಿಯುತ್ತದಲ್ಲವೇ?" ದೇಸಾಯರು ಗುಂಡಿ ಒತ್ತಿ, "ಇವರಪ್ಪ ಬಂದ್ರೂ ಆಗಂಗಿಲ್ಲ," ಎಂದು ನಮ್ಮ ಕಡೆ ಕಣ್ಣು ಹೊಡೆದು, ಮತ್ತೆ ಗುಂಡಿ ಒತ್ತಿ ಇಂಗ್ಲಿಷಿನಲ್ಲಿ, "ಖಂಡಿತ ಗ್ರೆಗ್, ಏನೂ ತೊಂದರೆಯಿಲ್ಲ," ಎನ್ನುತ್ತಿದ್ದರು. ಹುಡುಗರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಕೆಂಪು ಹತ್ತಿದಾಗ ನಿಜ, ಹಸಿರು ಹತ್ತಿದಾಗ ಹೌದು. ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಇದನ್ನು ಕಲಿತುಬಿಡುತ್ತಿದ್ದರು, ಕಲಿಯಲು ತಡವಾದವರನ್ನು ಮಂಕು ಎನ್ನುತ್ತಿದ್ದರು.

ಆ ಸಾಫ್ಟ್‌ವೇರ್ ಜನವರಿಗೆ ಆಗುತ್ತಿರಲಿಲ್ಲ. ಪರೀಕ್ಷೆ ಮಾಡಿ ನೋಡಿದಾಗಲೆಲ್ಲ ಎಚ್ಚರಿಕೆ ಕೊಡಬೇಕಾದ ಕಡೆ ಅದು ತೆಪ್ಪಗಿರುತ್ತಿತ್ತು. ಮಗ್ಗಲು ಮನೆಯ ಮುದುಕಿ ತಿನ್ನುವ ಗುಳಿಗೆಯ ಜೊತೆಗೆ ಡಾಕ್ಟರು ಬೇಡವೆಂದ ಗುಳಿಗೆಯ ಹೆಸರನ್ನೂ ಹಾಕಿ ನೋಡಿದೆ, ಆಗಲೂ ಸುಮ್ಮನಿತ್ತು. ದಸರೆ ಕಳೆದ ಮೇಲೆ ದೇಸಾಯರ ಕೋಣೆಗೆ ಹೋಗಿ, ಇದನ್ನು ಗ್ರೆಗ್‌ಗೆ ಈಗಲೇ ಹೇಳಿಬಿಡೋಣ, ಇನ್ನೆರಡು ತಿಂಗಳು ಕೇಳೋಣ ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಚಹಾ ತರಿಸಿದರು.

"ನೀವ ಹೇಳ್ರಿ. ನಾಳೆ ಕಾಲ್‌ನ್ಯಾಗ ನೀವ ಮಾತಾಡ್ರಿ. ನಿಮ್ಮಷ್ಟು ಚಂದ ತಿಳಿಸಿ ಹೇಳಾಕ ಯಾರಿಗೆ ಬರ್ತೈತಿ?"

ನಾನು ಹಿರಿಹಿರಿ ಹಿಗ್ಗಿದೆ. ಸಹನಾಳನ್ನು ಮನೆಗೆ ಕರೆದೆ. ಸಹನಾ ಮೈಸೂರಿನ ಹುಡುಗಿ, ನನ್ನ ತಂಡದಲ್ಲಿ ಎಲ್ಲರಿಗಿಂತ ಚುರುಕು. ಕೆಲಸಕ್ಕೆ ಸೇರಿದಾಗ ಅವಳಿಗೆ ತಪ್ಪು ಹುಡುಕುವುದು ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದೆ. ಹಾಸ್ಟೆಲಿನ ಊಟ ಸೇರದೆ ಭಾನುವಾರಗಳಲ್ಲಿ ನಮ್ಮ ಮನೆಗೆ ಬಂದು ರೊಟ್ಟಿ, ಎಣ್ಣೆಗಾಯಿ ತಿನ್ನುತ್ತಿದ್ದಳು. ಜ್ವರ ಬಂದಾಗ ಒಂದು ವಾರ ನಮ್ಮಲ್ಲೇ ಮಲಗಿದ್ದಳು. ಆ ದಿನ ಅವಳೆದುರು ನನ್ನ ಇಂಗ್ಲಿಷ್ ಮಾತನ್ನು ಮತ್ತೆ ಮತ್ತೆ ಒಪ್ಪಿಸಿದೆ. "ಅಕ್ಕ, ಸೂಪರ್. ನಿಧಾನಕ್ಕೆ ಹೇಳಿ ಅಷ್ಟೆ. ನಾನು ಎದುರಿಗೇ ಕೂತಿರ್ತೀನಲ್ಲ, ಹೆದರ್ಕೋಬೇಡಿ," ಎಂದಳು.

ಮರುದಿನ ಗದ್ವಾಲ್ ಸೀರೆ ಉಟ್ಟುಕೊಂಡು ಹೋದೆ. ಫೋನಿನಲ್ಲಿ ಸೀರೆ ಯಾರಿಗೆ ಕಾಣುತ್ತದೆ ಎಂದು ನನಗೇ ನಗು. ಗ್ರೆಗ್ ಲೈನಿಗೆ ಬಂದ, ನಮಸ್ಕಾರ ಚಮತ್ಕಾರ ಆಯಿತು. ದೇಸಾಯರು, "ಗಿರಿಜಾ ನಿಮಗೆ ಒಂದು ವಿಷಯ ಹೇಳಬೇಕಂತೆ," ಎಂದು ನನ್ನತ್ತ ಕೈ ತೋರಿಸಿದರು. ನಾನು ಕನ್ನಡಕ ಹಾಕಿಕೊಂಡು, ಬರೆದುಕೊಂಡಿದ್ದ ಹಾಳೆಯ ಮೇಲೆ ಕಣ್ಣಿಟ್ಟು ಮಾತಾಡಿದೆ. ಎಲ್ಲಿ ತಪ್ಪುತ್ತಿದೆ, ಯಾಕೆ ತಪ್ಪುತ್ತಿದೆ, ಹೀಗೇ ಕಳಿಸಿದರೆ ರೋಗಿಗಳಿಗೆ ಏನಾಗಬಹುದು, ಇನ್ನೆಷ್ಟು ದಿನ ಬೇಕು. ತೊದಲಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡಿದ್ದು ಅದೇ ಮೊದಲು.

ಮಾತು ಮುಗಿಯುವ ಹೊತ್ತಿಗೆ ಫೋನಿನೊಳಗಿಂದ ಗ್ರೆಗ್, "ಹಲೋ? ಹೈದರಾಬಾದ್? ಅಲ್ಲಿ ಯಾರಾದರೂ ಇದ್ದೀರಾ?" ಎನ್ನುತ್ತಿದ್ದ.

ತಲೆ ಎತ್ತಿದೆ. ಕೆಂಪು ದೀಪ ಹತ್ತಿತ್ತು. ದೇಸಾಯರ ಬೆರಳು ಗುಂಡಿಯ ಮೇಲೆ ಆರಾಮವಾಗಿ ಕೂತಿತ್ತು. ಅವರು ಗುಂಡಿ ಒತ್ತಿದರು, ಹಸಿರಾಯಿತು. "ಕ್ಷಮಿಸು ಗ್ರೆಗ್, ಲೈನು ಹೋಗಿತ್ತು. ಗಿರಿಜಾ ಹೇಳಬೇಕೆಂದಿದ್ದು ಇಷ್ಟೇ, ಎಲ್ಲ ಸರಿಯಾಗಿ ನಡೆದಿದೆ, ಜನವರಿ ಕೊನೆಗೆ ಕಳಿಸುತ್ತೇವೆ." ಗ್ರೆಗ್ ಖುಷಿಯಾಗಿ ನನಗೆ ಥ್ಯಾಂಕ್ಸ್ ಹೇಳಿದ. ಫೋನು ಇಟ್ಟ ಮೇಲೆ ದೇಸಾಯರು ಎಲ್ಲರೆದುರು, ಅದೇ ಬೆಲ್ಲದ ದನಿಯಲ್ಲಿ ಹೇಳಿದರು: "ಭಾಳ ಚಂದ ಮಾತಾಡಿದ್ರಿ ಗಿರಿಜಾಬಾಯಿ. ಮನಸು ಹಗರಾತಿಲ್ಲ? ಇನ್ನ ಕೆಲಸಕ್ಕ ಹತ್ರಿ."

ನಾನು ಮೇಜಿನ ಸುತ್ತ ನೋಡಿದೆ. ನಾನು ಬಾಯಿ ತೆರೆದ ಗಳಿಗೆಯಿಂದ ಆ ಕೆಂಪು ಎಲ್ಲರಿಗೂ ಕಾಣುತ್ತಿತ್ತು. ಎದುರಿಗೇ ಕೂತಿದ್ದ ಸಹನಾ ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ಒಂದು ಕೆಮ್ಮು ಸಾಕಿತ್ತು, ಮೇಜಿನ ಕೆಳಗೆ ಕಾಲು ತಾಗಿಸಿದ್ದರೂ ಸಾಕಿತ್ತು. ನನ್ನ ಸಿಟ್ಟು ದೇಸಾಯರ ಮೇಲಲ್ಲ. ಅವರು ಎಂಥವರೆಂದು ಗುಂಡಿ ಒತ್ತುವಾಗಲೆಲ್ಲ ಕಂಡಿದ್ದೆ.

ಆಮೇಲೆ ಅದೊಂದು ಆಟವಾಯಿತು. ನಮ್ಮ ನಮ್ಮಲ್ಲೇ ಮೀಟಿಂಗ್ ಇದ್ದಾಗಲೂ, ಆಚೆ ಬದಿಯಲ್ಲಿ ಯಾರೂ ಇಲ್ಲದಿದ್ದರೂ, ನಾನು ಬಾಯಿ ತೆರೆದರೆ ದೇಸಾಯರು ಕೈ ಚಾಚಿ ಗುಂಡಿ ಒತ್ತುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಸಹನಾ ಮೊದಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು, ಆಮೇಲೆ ಕೈ ಅಡ್ಡ ಬರುವುದು ನಿಂತಿತು. ಕ್ಯಾಂಟೀನಿನಲ್ಲಿ ನಾನು ಚಟ್ನಿ ಕೇಳಿದರೆ ಶ್ರೀನಿವಾಸ ಎಂಬ ವರಂಗಲ್‌ನ ಹುಡುಗ ಮೇಜಿನ ಮೇಲೆ ಬೆರಳೊತ್ತಿ, "ಅಕ್ಕಾ, ವಿನಪಡಲೇದು," ಎನ್ನುತ್ತಿದ್ದ. ಕೇಳಿಸಲಿಲ್ಲ ಅಂತ. ಸಂಕ್ರಾಂತಿಗೆ ತಂಡದವರೆಲ್ಲ ಕೂಡಿ ನಾಂಪಲ್ಲಿಯಲ್ಲಿ ವರ್ಷವರ್ಷ ನಡೆಯುವ ನುಮಾಯಿಷ್ ವಸ್ತುಪ್ರದರ್ಶನಕ್ಕೆ ಹೋಗಿ, ನನ್ನನ್ನು ಕರೆಯದೆ ಹೋಗಿ, ನನಗೊಂದು ಉಡುಗೊರೆ ತಂದರು. ಸೆಲ್ ಹಾಕಿದರೆ ಹತ್ತುವ ಒಂದು ಕೆಂಪು ದೀಪ. ಬಣ್ಣದ ಕಾಗದ ಸುತ್ತಿ ನನ್ನ ಮೇಜಿನ ಮೇಲೆ ಇಟ್ಟಿದ್ದರು. ನಾನು ಅದನ್ನು ಹತ್ತಿಸಿ ಕಂಪ್ಯೂಟರಿನ ಪಕ್ಕ ಇಟ್ಟುಕೊಂಡು ಇಡೀ ದಿನ ಕೆಲಸ ಮಾಡಿದೆ. ಸಂಜೆಗೆ ಸೆಲ್ಲು ಸತ್ತಿತು. ಯಾರಿಗೂ ನಗಲು ಏನೂ ಸಿಗಲಿಲ್ಲ, ಅಷ್ಟರ ಮಟ್ಟಿಗೆ ನನ್ನ ಜಯ.

ಬಿಟ್ಟು ಬರಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಎಲ್ಲಿಗೆ? ನಾಂಪಲ್ಲಿಯ ಖುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು. ಮನೆಯಲ್ಲಿ ಅಪ್ಪ ಪ್ರಶ್ನೆ ಹಿಡಿದುಕೊಂಡು ಕೂತಿದ್ದರು. ನಾನು ಪ್ರತಿ ಸಂಜೆ, "ಹೂಂ, ಇಟ್ಕೊಂಡಾರ," ಎಂದು ಹೇಳಿ ಒಳಗೆ ಹೋಗಿ ಹಿಟ್ಟು ನಾದುತ್ತಿದ್ದೆ. ಬೇಸಿಗೆ ಬರಲಿ, ಮೇಲಿನ ಮಹಡಿ ತೆರೆಯಲಿ, ಆಮೇಲೆ ಒಬ್ಬೊಬ್ಬರನ್ನೂ ನೋಡಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಜನವರಿ ಕೊನೆಗೆ ಸಾಫ್ಟ್‌ವೇರ್ ಹೋಯಿತು. ಅಂಗಡಿಗಳಿಗೆ ಕೊಡುವ ಮುಂಚೆ ಅಲ್ಲಿಯವರು ತಾವೇ ಒಮ್ಮೆ ಪರೀಕ್ಷಿಸಿದರು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ನಾನು ಹಾಳೆಯಲ್ಲಿ ಬರೆದು ಓದಿದ್ದ ತಪ್ಪುಗಳೆಲ್ಲ ಅವರಿಗೆ ಒಂದರ ಹಿಂದೊಂದು ಸಿಕ್ಕವು. ಗ್ರೆಗ್ ಮುಂದಿನ ವಿಮಾನ ಹತ್ತಿ ಹೈದರಾಬಾದಿಗೆ ಬಂದ. ಫೋನಿನ ದನಿಗೆ ನಾನು ಎತ್ತರದ ಮನುಷ್ಯನನ್ನು ಕಲ್ಪಿಸಿಕೊಂಡಿದ್ದೆ. ಬಂದವನು ಗಿಡ್ಡ, ಬಿಸಿಲಿಗೆ ಕೆಂಪಾಗಿದ್ದ ಸಾಧು ಮನುಷ್ಯ. ಒಂದು ಕೋಣೆಯಲ್ಲಿ ಕೂತು ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸಿದ. ನನ್ನ ಸರದಿ ಕೊನೆಯದು.

"ನಿಮ್ಮ ತಂಡದವರೆಲ್ಲ ಒಂದೇ ಮಾತು ಹೇಳಿದರು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ತಪ್ಪುಗಳು ನಿಮಗೆ ಮೊದಲೇ ಗೊತ್ತಿದ್ದವಂತೆ. ಗಿರಿಜಾ, ನನಗೆ ಅರ್ಥವಾಗದ್ದು ಒಂದೇ. ದಿನಾ ಮಾತಾಡುತ್ತಿದ್ದೆವು. ನೀವು ಯಾಕೆ ಒಂದು ಮಾತು ಹೇಳಲಿಲ್ಲ?"

ನಗು ಬಂತು. ನಿಜವಾಗಿಯೂ ನಕ್ಕೆ. ಅವನಿಗೆ ಅದು ಒಳ್ಳೆಯದಾಗಿ ಕಾಣಲಿಲ್ಲ. ಆಮೇಲೆ ಎಲ್ಲ ಹೇಳಿದೆ. ದಸರೆ ಕಳೆದ ಮೇಲೆ ಒಂದು ದಿನ ಲೈನು ಹೋಯಿತಲ್ಲ, ಆ ದಿನ ಲೈನು ಹೋಗಿರಲಿಲ್ಲ, ಗುಂಡಿ ಒತ್ತಿದ್ದರು, ನಾನು ಹೇಳಿದ್ದೆ ಎಂದೆ. "ಲೈನು ವಾರಕ್ಕೊಮ್ಮೆ ಹೋಗುತ್ತದೆ," ಎಂದು ಅವನು ಹಣೆ ಉಜ್ಜಿಕೊಂಡ. ಅನ್ಯಾಯ ಮಾಡುವವನಲ್ಲ, ಸಾಕ್ಷಿ ಕೇಳಿದ. ಅಲ್ಲಿದ್ದವರಲ್ಲಿ ಯಾರನ್ನು ಕರೆಯಲಿ ಎಂದ. ನಾನು ಒಂದು ಗಳಿಗೆಯೂ ಯೋಚಿಸದೆ ಸಹನಾಳ ಹೆಸರು ಹೇಳಿದೆ.

ಅವಳು ಬಂದಳು, ಹಿಂದೆಯೇ ದೇಸಾಯರೂ ಬಂದರು. ಗ್ರೆಗ್ ಕೇಳಿದ. ಸಹನಾ ನನ್ನ ಕಡೆ ನೋಡಲಿಲ್ಲ. ತೊದಲದೆ, ಸ್ವಚ್ಛ ಇಂಗ್ಲಿಷಿನಲ್ಲಿ ಹೇಳಿದಳು: "ಇಲ್ಲ, ಆ ದಿನ ಲೈನೇ ಹೋಗಿತ್ತು. ಗಿರಿಜಾ ಏನಾದರೂ ಹೇಳಿದ್ದು ನನಗೆ ನೆನಪಿಲ್ಲ." ದೇಸಾಯರು ನಿಟ್ಟುಸಿರು ಬಿಟ್ಟರು, ತಮಗೇ ನೋವಾದವರಂತೆ.

ಗ್ರೆಗ್ ಬಾಗಿಲು ದಾಟುತ್ತಲೇ ದೇಸಾಯರು ನನ್ನ ಮುಂದೆ ಬಿಳಿ ಹಾಳೆ ಇಟ್ಟರು. "ನಮ್ಮದು ನಿಮ್ಮದು ಹಳೇ ಮನಿತನ. ಹೊರಗ ಹಾಕಿದ್ರು ಅಂತ ಅನ್ನಿಸ್ಕೋಬ್ಯಾಡ್ರಿ, ನೀವ ಬಿಟ್ಟೀನಿ ಅಂತ ಬರೀರಿ. ಅಪ್ಪಾವ್ರಿಗೆ ನಾ ಫೋನ್ ಮಾಡಿ ತಿಳಿಸ್ಲೇನು?"

"ಬ್ಯಾಡ್ರಿ," ಎಂದೆ. "ಅವ್ರಿಗೆ ನಿಮಗಿಂತ ಮೊದಲ ಗೊತ್ತಿತ್ತು."

ಆ ಸಂಜೆ ಅಪ್ಪ ಪ್ರಶ್ನೆ ಕೇಳಲಿಲ್ಲ. ಮುಖ ನೋಡಿದರು, ಪೇಪರ್ ಮಡಚಿಟ್ಟರು, ಉಪ್ಪಿಟ್ಟು ಮಾಡು ಎಂದರು. ಮಗಳ ಮೇಲೆ ಕರುಣೆ ಹುಟ್ಟಿತು ಎಂದುಕೊಂಡೆ. ಮರುದಿನದಿಂದ ಮನೆಗೆ ಬಂದವರಿಗೆಲ್ಲ, ನಾನು ಚಹಾ ತಂದಿಡುವಾಗಲೇ, ಹೇಳತೊಡಗಿದರು. "ನಮ್ಮ ಗಿರಿಜಾ. ಸರ್ಕಾರಿ ಕೆಲಸ ಬಿಟ್ಟಾಕಿ. ಈಗ ಚಹಾ ಭಾಳ ಚಂದ ಮಾಡ್ತಾಳ." ಹೇಳುವಾಗ ಅವರ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಅಷ್ಟು ವರ್ಷ ಕಾದು ಪಡೆದ ಸುಖ, ನಾನು ಯಾಕೆ ಅಡ್ಡ ಬರಲಿ ಎಂದು ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಮಾವು ಬಂದ ಕಾಲದಲ್ಲಿ ಮೇಲಿನ ಮಹಡಿ ತೆರೆಯಿತು. ಅದಾದ ಭಾನುವಾರ ಬಾಗಿಲು ಬಡಿದ ಸದ್ದು. ತೆರೆದರೆ ಸಹನಾ. ಹೊಸ ಸೀರೆ, ಕೈಯಲ್ಲಿ ಪೇಡೆಯ ಡಬ್ಬಿ. ಅಪ್ಪ ಹೊರಕೋಣೆಯಲ್ಲೇ ಕೂತಿದ್ದರು. ಅವಳು ಕೂರಲಿಲ್ಲ.

"ಅಕ್ಕ, ಹೊಸ ಮಹಡಿ ನನಗೆ ಕೊಟ್ಟಿದ್ದಾರೆ. ಮ್ಯಾನೇಜರ್. ಬೇರೆಯವರಿಂದ ನಿಮಗೆ ತಿಳಿಯೋದು ಬೇಡ ಅನ್ನಿಸ್ತು. ನಾನು ಕಲ್ತಿದ್ದೆಲ್ಲ ನಿಮ್ಮಿಂದಾನೇ. ನೀವು ಆಶೀರ್ವಾದ ಮಾಡಬೇಕು." ಎಂದವಳೇ ನನ್ನ ಕಾಲಿಗೆ ಬಗ್ಗಿದಳು.

ಕಾಲಿಗೆ ಬಿದ್ದ ಹೆಣ್ಣುಮಗಳನ್ನು ಬರಿದೇ ಎಬ್ಬಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಅವಳ ತಲೆಯ ಮೇಲೆ ಕೈ ಇಟ್ಟೆ. ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿದ ಅದೇ ತಲೆ. ಅವಸರ ಮಾಡದೆ, ಒಂದೊಂದು ಮಾತನ್ನೂ ಬಿಡಿಸಿ ಹರಸಿದೆ.

"ನಿನಗೂ ನಿನ್ನಂಥಾಕಿ ಒಬ್ಬಾಕಿ ಶಿಷ್ಯೆ ಸಿಗ್ಲಿ."

ನನ್ನ ಅಂಗೈ ಕೆಳಗೆ ಅವಳ ಕುತ್ತಿಗೆ ಸೆಟೆಯಿತು. ಏಳಲು ನೋಡಿದಳು. ನಾನು ಕೈ ತೆಗೆಯಲಿಲ್ಲ, ಅವಳು ಪೂರ್ತಿ ಅರ್ಥಮಾಡಿಕೊಳ್ಳಲಿ ಎಂದು ಇನ್ನೊಂದು ಗಳಿಗೆ ಒತ್ತಿ ಹಿಡಿದೆ. ಎದ್ದಾಗ ಮುಖ ಬಿಳಿಚಿಕೊಂಡಿತ್ತು. "ಅಕ್ಕ, ಹೇಳಿದ್ದಿದ್ರೆ ನನ್ನ ಕೆಲಸ ಹೋಗ್ತಿತ್ತು," ಎಂದಳು.

"ಗೊತ್ತವ್ವ. ಯಾರದರೆ ಒಬ್ಬರದು ಹೋಗಬೇಕಿತ್ತು."

ಅವಳು ಕಣ್ಣೊರೆಸಿಕೊಳ್ಳುತ್ತಾ ಮೆಟ್ಟಿಲಿಳಿದು ಹೋದಳು. ನಾನು ಡಬ್ಬಿ ತೆರೆದು, ಸಕ್ಕರೆ ಕಾಯಿಲೆ ಇದ್ದರೂ ಅಪ್ಪನಿಗೊಂದು ಪೇಡೆ ಕೊಟ್ಟೆ, ನಾನೊಂದು ತಿಂದೆ. ರುಚಿಯಾಗಿತ್ತು. ನನಗೆ ಅಂದು ಸಂತೋಷವಾಯಿತು, ನೆನೆದರೆ ಈಗಲೂ ಆಗುತ್ತದೆ. ಆ ವರ್ಷವೆಲ್ಲ ನಾನು ಆಡಿದ್ದರಲ್ಲಿ, ಎದುರಿಗಿದ್ದವರಿಗೆ ಪೂರ್ತಿ ಕೇಳಿಸಿದ ಮಾತು ಅದೊಂದೇ.